ಡಲ್ಲಾಸಿನ ಮಾಲೀಕರಿಗೆ, ಮೊಲೊಕಾಯಿಗೊಂದು ನೈಟ್ ಹಾಲ್ಟ್ ಕೋರಿ

ಡಲ್ಲಾಸ್ ಪಟ್ಟಣದ ಸೌತ್‌ವೆಸ್ಟ್ ಏರ್‌ಲೈನ್ಸ್ ಆಡಳಿತ ಮಂಡಳಿಯವರ ಸನ್ನಿಧಾನಕ್ಕೆ, ಹಾಸನ ಬಸ್ ನಿಲ್ದಾಣದ ನಿವೃತ್ತ ಸಂಚಾರ ನಿಯಂತ್ರಕನೊಬ್ಬ ಸ್ಯಾನ್ ಹೋಸೆಯ ತನ್ನ ಮಗನ ಮನೆಯಿಂದ ಮಾಡುವ ನಮಸ್ಕಾರಗಳು. ಇತ್ತ ಎಲ್ಲರೂ ಕ್ಷೇಮ. ನಿಮ್ಮ ಕ್ಷೇಮಸಮಾಚಾರ ಷೇರುಪೇಟೆಯಿಂದ ದಿನವೂ ತಿಳಿಯುತ್ತಿರುವುದರಿಂದ ನೀವು ಮರಳಿ ಕಾಗದ ಬರೆಯದಿದ್ದರೂ ನಡೆಯುತ್ತದೆ.

ಅದಾಗಿ, ಬೇಸಿಗೆ ರಜಕ್ಕೆ ಹವಾಯಿಗೆ ಹೋಗೋಣವೆಂದು ಮಗ, ಸೊಸೆ, ಮೊಮ್ಮಗಳು ಹಟ ಹಿಡಿದಿದ್ದಾರೆ. ಟಿಕೆಟ್ ನೋಡುವ ಕೆಲಸ ಮಗನದು. ಸಂಸ್ಥೆ ನೋಡುವ ಕೆಲಸವನ್ನು ನಾನೇ ಹೊತ್ತುಕೊಂಡೆ. ಬಸ್ಸು ಹತ್ತುವ ಮೊದಲು ಬಗ್ಗಿ ಟೈರು ನೋಡುವ ಚಾಳಿ ನಿವೃತ್ತಿಯಾದ ಮಾತ್ರಕ್ಕೆ ಹೋಗುವುದಿಲ್ಲ. ಹೀಗೆ ನೋಡುತ್ತಾ ಹೋದಂತೆ ನಿಮ್ಮ ಮೇಲೆ ಮೊದಲು ಭಕ್ತಿ ಹುಟ್ಟಿತು, ಆಮೇಲೆ ಕೆಲವು ಅನುಮಾನ ಹುಟ್ಟಿದವು. ಎರಡನ್ನೂ ಅದೇ ಕ್ರಮದಲ್ಲಿ ನಿವೇದಿಸುತ್ತೇನೆ.

1971ರ ಜೂನ್ 18ರಂದು ಡಲ್ಲಾಸ್, ಹ್ಯೂಸ್ಟನ್, ಸ್ಯಾನ್ ಆಂಟೋನಿಯೊ ಎಂಬ ಟೆಕ್ಸಸ್‌ನ ಮೂರೇ ಊರುಗಳ ನಡುವೆ ಶುರು ಮಾಡಿದವರು ನೀವು. ದುಡ್ಡು ಸಾಲದೆ ಇದ್ದ ನಾಲ್ಕು ವಿಮಾನಗಳಲ್ಲಿ ಒಂದನ್ನು ಮಾರಿದಿರಿ. ಆದರೆ ಒಂದು ಟ್ರಿಪ್ಪನ್ನೂ ಕಟ್ ಮಾಡದೆ ಉಳಿದ ಮೂರರಲ್ಲೇ ಓಡಿಸಿದಿರಿ. ಹೇಗೆಂದರೆ, ಇಳಿದ ವಿಮಾನ ಹತ್ತು ನಿಮಿಷದಲ್ಲಿ ಖಾಲಿಯಾಗಿ, ತುಂಬಿ, ಮತ್ತೆ ಹೊರಡಬೇಕು. ಇದನ್ನು ಓದಿ ನಾನು ಕುರ್ಚಿಯಿಂದ ಎದ್ದು ನಿಂತೆ. ಹಾಸನದಲ್ಲಿ ಹತ್ತು ನಿಮಿಷ ಅಂದರೆ ಡ್ರೈವರ್ ಕ್ಯಾಂಟೀನಿನಲ್ಲಿ ಬೆಂಚು ಹುಡುಕುವ ಹೊತ್ತು. ಇನ್ನು, ಎಲ್ಲ ಮಾರ್ಗಕ್ಕೂ ಒಂದೇ ಜಾತಿಯ ವಿಮಾನ, ಬೋಯಿಂಗ್ 737. ಯಾವ ಪೈಲಟ್ ಯಾವ ಗಾಡಿಯನ್ನಾದರೂ ಹತ್ತಬಹುದು, ಯಾವ ಗಾಡಿಯ ಸಾಮಾನು ಯಾವುದಕ್ಕಾದರೂ ಹೊಂದುತ್ತದೆ. ಎರಡು ಪೆಟ್ಟಿಗೆ ಪುಕ್ಕಟೆಯಾಗಿತ್ತು. ಸೀಟಿಗೆ ನಂಬರೇ ಇರಲಿಲ್ಲ! ಕಿಟಕಿಯಿಂದ ಟವಲು ಎಸೆದು ಸೀಟು ಹಿಡಿಯುವ ನಮ್ಮ ವಿದ್ಯೆಯನ್ನು ಆಕಾಶಕ್ಕೆ ಏರಿಸಿದ್ದಿರಿ. ವಿಮಾನದ ಕಿಟಕಿ ತೆರೆಯುವುದಿಲ್ಲವೆಂಬ ಒಂದೇ ಕಾರಣಕ್ಕೆ ಎ, ಬಿ, ಸಿ ಎಂದು ಸಾಲು ನಿಲ್ಲಿಸುತ್ತಿದ್ದಿರಿ.

ಅಗ್ಗದ ವಿಮಾನದ ಪರಿಚಯ ನಮಗಿಲ್ಲವೆಂದು ತಿಳಿಯಬೇಡಿ. ನಮ್ಮ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಹಾರಿಸಿ, ಒಂದು ರೂಪಾಯಿಗೂ ಟಿಕೆಟ್ ಮಾರಿದರು. ಆ ಸಂಸ್ಥೆಯನ್ನು ಕಿಂಗ್‌ಫಿಷರ್ ನುಂಗಿತು. ಕಿಂಗ್‌ಫಿಷರನ್ನು ಅದರ ಸಾಲವೇ ನುಂಗಿತು. ಈ ಸರಣಿ ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ನಿಮ್ಮ ಈ ಸರಳ ಸಂಸಾರವೆಲ್ಲ ನಿಂತಿರುವುದು ನೆಲದ ಮೇಲೆ. ಡಲ್ಲಾಸಿನಿಂದ ಹ್ಯೂಸ್ಟನ್ನಿಗೆ ಹೋಗುವಾಗ ಏನು ಕೆಟ್ಟರೂ ಕೆಳಗೆ ಯಾವುದಾದರೂ ಊರಿದೆ, ಊರಿಗೊಂದು ರನ್‌ವೇ ಇದೆ. ಓಕ್ಲೆಂಡಿನಿಂದ ಹೊನೊಲುಲುವಿಗೆ ಸುಮಾರು 3,880 ಕಿಲೋಮೀಟರು, ನಡುವೆ ಇಳಿಯಲು ಒಂದು ಬಂಡೆಯೂ ಇಲ್ಲ. ನಮ್ಮ ಶಿರಾಡಿ ಘಾಟಿಯಲ್ಲಿ ಬಸ್ಸು ಕೆಟ್ಟರೆ ಕಂಡಕ್ಟರ್ ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಹಿಂದೆ ಬರುವ ಗಾಡಿಗೆ ಜನರನ್ನು ಹತ್ತಿಸುತ್ತಾನೆ. ಪೆಸಿಫಿಕ್ ಸಾಗರದಲ್ಲಿ ಕಲ್ಲು ಸಿಗುವುದಿಲ್ಲ.

ಆದ್ದರಿಂದ ಸರ್ಕಾರ ಒಂದು ಕಟ್ಟಳೆ ಮಾಡಿದೆ. ಎರಡೇ ಎಂಜಿನ್ ಇರುವ ವಿಮಾನ, ಒಂದು ನಿಂತರೆ ಇನ್ನೊಂದರಲ್ಲೇ 60 ನಿಮಿಷದೊಳಗೆ ಯಾವುದಾದರೂ ವಿಮಾನ ನಿಲ್ದಾಣ ಮುಟ್ಟುವಷ್ಟು ಹತ್ತಿರದಲ್ಲೇ ಹಾರುತ್ತಿರಬೇಕೆಂದು 1953ರಿಂದ ಅಮೆರಿಕದಲ್ಲಿ ನಿಯಮ. ಎಂಜಿನ್‌ಗಳು ಸುಧಾರಿಸಿದ ಮೇಲೆ 1985ರಲ್ಲಿ ಅದನ್ನು 120 ನಿಮಿಷಕ್ಕೆ, ಬಳಿಕ 180ಕ್ಕೆ ಸಡಿಲಿಸಿದರು. ಈ ಅಪ್ಪಣೆಯ ಹೆಸರು ಇಟಾಪ್ಸ್. ಎಂಜಿನ್ ತಿರುಗಬೇಕು, ಇಲ್ಲವೇ ಪ್ರಯಾಣಿಕರು ಈಜಬೇಕು ಎಂದು ಪೈಲಟ್ಟುಗಳೇ ಅದಕ್ಕೆ ಅರ್ಥ ಕಟ್ಟಿ ನಗುತ್ತಾರಂತೆ. ಸೊಸೆಗೆ ಇದನ್ನು ಹೇಳಿದೆ. ಅವಳು ನಗಲಿಲ್ಲ.

ಈ ಅಪ್ಪಣೆ ಬರೀ ಗಡಿಯಾರದ ಲೆಕ್ಕವಲ್ಲ. ತೆಪ್ಪ ಬೇಕು, ದೂರದಿಂದಲೂ ಮಾತಾಡುವ ಸಾಧನ ಬೇಕು, ಸಾಮಾನಿನ ಕೋಣೆಯಲ್ಲಿ ಬೆಂಕಿ ಹತ್ತಿದರೆ ಅಷ್ಟು ಹೊತ್ತೂ ಅದುಮಿಡುವ ವ್ಯವಸ್ಥೆ ಬೇಕು. ಹೊರಡುವ ಮೊದಲು ಪ್ರತ್ಯೇಕ ತಪಾಸಣೆ, ಎಂಜಿನ್ ಎಣ್ಣೆ ಎಷ್ಟು ಖರ್ಚಾಗುತ್ತಿದೆ ಎಂಬುದರ ಮೇಲೆ ಸದಾ ಕಣ್ಣು. ನನಗೆ ಬಲು ಹಿಡಿಸಿದ ನಿಯಮವೆಂದರೆ, ಸಾಮಾನ್ಯವಾಗಿ ಒಬ್ಬನೇ ಮೆಕ್ಯಾನಿಕ್ ಒಂದೇ ಸಲಕ್ಕೆ ಎರಡೂ ಎಂಜಿನ್ನಿಗೆ ಕೈ ಹಾಕುವಂತಿಲ್ಲ. ಒಂದರಲ್ಲಿ ಅವನು ಮಾಡಿದ ತಪ್ಪು ಇನ್ನೊಂದರಲ್ಲೂ ಆಗಬಾರದಲ್ಲ, ಅದಕ್ಕೆ. ಇದನ್ನು ಯಾರು ಬರೆದರೋ, ಅವರು ಡಿಪೋ ಕಂಡವರು. ಹತ್ತು ನಿಮಿಷದಲ್ಲಿ ಗಾಡಿ ತಿರುಗಿಸಿ ಹೆಸರು ಮಾಡಿದ ನಿಮಗೆ ಈ ನಿಯಮ ಓದುವಾಗ ಏನನಿಸಿತೋ ತಿಳಿಯದು.

ನೀವು ಹವಾಯಿಗೆ ಹೊರಟ ಮುಹೂರ್ತದ ವಿಷಯವಾಗಿ ಎರಡು ಮಾತು. ಸಂಕಲ್ಪ ಮಾಡಿದ್ದು 2017ರ ಅಕ್ಟೋಬರ್‌ನಲ್ಲಿ. ಅಪ್ಪಣೆ ಕೈಗೆ ಬರುವ ಹೊತ್ತಿಗೆ ಮೆಕ್ಸಿಕೊ ಗಡಿಯ ಗೋಡೆಯ ಜಗಳದಲ್ಲಿ ಅಮೆರಿಕ ಸರ್ಕಾರವೇ ಬಾಗಿಲು ಹಾಕಿತು, 2018ರ ಡಿಸೆಂಬರ್ 22ರಿಂದ 35 ದಿನ. ನಿಮ್ಮ ವಿಮಾನ ಪರೀಕ್ಷಿಸಬೇಕಾದವರು ಆ ಕೆಲಸಕ್ಕೆ ಬರುವಂತಿರಲಿಲ್ಲ. ಮರುಭೂಮಿಯಲ್ಲಿ ಗೋಡೆ ಕಟ್ಟಬೇಕೋ ಬೇಡವೋ ಎಂಬುದು ತೀರ್ಮಾನವಾಗದೆ ಸಾಗರ ದಾಟುವಂತಿಲ್ಲ ಎಂಬ ಪರಿಸ್ಥಿತಿ ನಮ್ಮ ಪುರಾಣಗಳಲ್ಲೂ ಬಂದಿಲ್ಲ. ಕೊನೆಗೆ ಫೆಬ್ರುವರಿ 27ಕ್ಕೆ ಅಪ್ಪಣೆ, ಮಾರ್ಚ್ 4ಕ್ಕೆ 49 ಡಾಲರಿನ ಟಿಕೆಟ್ ಮಾರಾಟ. ಮಾರ್ಚ್ 13ಕ್ಕೆ ನಿಮ್ಮ ಹೊಚ್ಚಹೊಸ 737 ಮ್ಯಾಕ್ಸ್ ವಿಮಾನಗಳು, ಮೂವತ್ತನಾಲ್ಕೂ, ದೇಶಾದ್ಯಂತದ ಆದೇಶದಿಂದ ನೆಲಕ್ಕೆ. ಇಂಡೊನೇಷ್ಯಾ, ಇಥಿಯೋಪಿಯಾಗಳಲ್ಲಿ ಅದೇ ಮಾದರಿಯ ಎರಡು ವಿಮಾನಗಳು ಬಿದ್ದು 346 ಜನ ಸತ್ತಿದ್ದರು. ನಾಲ್ಕು ದಿನ ಬಿಟ್ಟು, ಮಾರ್ಚ್ 17ರಂದು, ಹಳೆಯ ಮಾದರಿ 737-800ರಲ್ಲಿ ನೀವು ಹೊನೊಲುಲುವಿಗೆ ಹಾರಿಯೇ ಬಿಟ್ಟಿರಿ. ಬೆಕ್ಕು ಅಡ್ಡ ಬಂದರೆ ಶೆಡ್ಯೂಲ್ ತಡ ಮಾಡುತ್ತಿದ್ದ ಡ್ರೈವರುಗಳನ್ನು ನೋಡಿದ ನನಗೆ ನಿಮ್ಮ ಧೈರ್ಯ ದೊಡ್ಡದೆನಿಸಿತು. ಐದು ಗಂಟೆಗೂ ಮೀರಿದ ಪಯಣದಲ್ಲಿ 175 ಜನಕ್ಕೆ ಮೂರೇ ಶೌಚಾಲಯ ಇಟ್ಟ ಧೈರ್ಯವೂ ಕಡಿಮೆಯದಲ್ಲ. ನನ್ನ ವಯಸ್ಸಿನವರು ಇದನ್ನು ಇಟಾಪ್ಸ್‌ಗಿಂತ ಗಂಭೀರವಾಗಿ ಪರಿಗಣಿಸುತ್ತಾರೆ.

ಇಲ್ಲಿಯವರೆಗೆ ಭಕ್ತಿ. ಇನ್ನು ಮುಂದೆ ಅನುಮಾನ.

ಪ್ರವಾಸಿಗರನ್ನು ತಂದು ಸುರಿದು ನೀವು ಸುಮ್ಮನಾಗಲಿಲ್ಲ. 2019ರ ಏಪ್ರಿಲ್ 28ರಿಂದ ದ್ವೀಪದಿಂದ ದ್ವೀಪಕ್ಕೂ ಹಾರಿಸತೊಡಗಿದಿರಿ, 29 ಡಾಲರಿಗೆ. ಹವಾಯಿಯಲ್ಲಿ ಇದು ವಿಮಾನವಲ್ಲ, ಬಸ್ಸು. ವಾಹನಗಳನ್ನೂ ಹೊತ್ತು ಓಡುತ್ತಿದ್ದ ಸೂಪರ್‌ಫೆರಿ ಎಂಬ ಹಡಗು 2007ರಲ್ಲಿ ಬಂದು, ಪರಿಸರ ಪರಿಶೀಲನೆಯ ಮೊಕದ್ದಮೆಯಲ್ಲಿ ಸೋತು, 2009ರಲ್ಲಿ ಹೋಯಿತು. ಆಸ್ಪತ್ರೆಗೆ, ಮದುವೆಗೆ, ಸಾವಿಗೆ, ಶಾಲೆಯ ಪಂದ್ಯಕ್ಕೆ ಅಲ್ಲಿನವರು ಹಾರಲೇಬೇಕು. ಅಂಥವರಿಗೆ 29 ಡಾಲರ್ ಎಂದರೆ ಹಾಲು ಕುಡಿದಷ್ಟು ಸಂತೋಷ. ಅವರನ್ನು ನಾನು ದೂರುವುದಿಲ್ಲ.

ನನ್ನ ಅನುಮಾನ ಬಿಲ್ಲಿನದು. ನಮ್ಮಲ್ಲಿ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಉಚಿತ. ಆದರೂ ಕಂಡಕ್ಟರ್ ಟಿಕೆಟ್ ಹರಿದೇ ಕೊಡುತ್ತಾನೆ, ಶೂನ್ಯ ಮೊತ್ತದ್ದು. ಏಕೆಂದರೆ ಆ ಶೂನ್ಯಕ್ಕೂ ಲೆಕ್ಕ ಇಟ್ಟು ಸರ್ಕಾರಕ್ಕೆ ಬಿಲ್ ಕಳಿಸಬೇಕು. ಸರ್ಕಾರ ಸಕಾಲಕ್ಕೆ ಕೊಡುತ್ತದೋ ಇಲ್ಲವೋ ಎಂಬುದು ಬೇರೆ ಮಾತು. ಬಿಲ್ ಯಾರ ಹೆಸರಿಗೆಂದು ಕಂಡಕ್ಟರನಿಂದ ಮಂತ್ರಿಯವರೆಗೆ ಎಲ್ಲರಿಗೂ ಗೊತ್ತು. ನಿಮ್ಮ 29 ಡಾಲರಿನ ಬಿಲ್ ಯಾರ ಹೆಸರಿಗೆ ಹೋಯಿತು ಸ್ವಾಮಿ?

ಹುಡುಕಿದೆ. ಹವಾಯಿಗೆ ಇಂಥ ಅಗ್ಗದ ದರ ಹೊಸದಲ್ಲ. 1946ರಿಂದ ಹಾರುತ್ತಿದ್ದ ಅಲೋಹಾ ಏರ್‌ಲೈನ್ಸ್ ಇತ್ತು. 2006ರಲ್ಲಿ ‘ಗೋ!’ ಎಂಬ ಅಗ್ಗದ ಸಂಸ್ಥೆ ಹೊರಗಿನಿಂದ ಬಂದು 39 ಡಾಲರಿಗೆ ಹಾರಿಸಿತು. ಇಂಧನದ ಬೆಲೆಯೂ ಏರಿತ್ತು. 2008ರ ಮಾರ್ಚ್ 31ಕ್ಕೆ ಅಲೋಹಾ ಪ್ರಯಾಣಿಕ ವಿಮಾನಗಳನ್ನು ನಿಲ್ಲಿಸಿತು. ಅದಕ್ಕೆ ಸ್ವಲ್ಪ ಮೊದಲು, ಅದೇ ವರ್ಷದ ಫೆಬ್ರುವರಿಯಲ್ಲಿ, ‘ಗೋ!’ ವಿಮಾನವೊಂದರ ಇಬ್ಬರೂ ಪೈಲಟ್‌ಗಳು ನಿದ್ದೆ ಹೋಗಿ, ಇಳಿಯಬೇಕಾದ ಹಿಲೊ ಊರನ್ನೇ ದಾಟಿ ಸಮುದ್ರದ ಮೇಲೆ ಹೋಗಿಬಿಟ್ಟಿದ್ದರು. ಎಚ್ಚರವಾಗಿ ತಿರುಗಿ ಬಂದು ಕ್ಷೇಮವಾಗಿ ಇಳಿಸಿದರು. ಗಂಟೆಯೂ ಇಲ್ಲದ ದಾರಿ. ನಮ್ಮಲ್ಲಿ ಡ್ರೈವರ್ ತೂಕಡಿಸಿದರೆ ಎಬ್ಬಿಸಲು ಕಂಡಕ್ಟರಾದರೂ ಇರುತ್ತಾನೆ. 2014ರಲ್ಲಿ ‘ಗೋ!’ ಕೂಡ ಹೋಯಿತು. ಅಗ್ಗದವನೂ ಇಲ್ಲ, ಹಳಬನೂ ಇಲ್ಲ.

ಉಳಿದದ್ದು ಹವಾಯಿಯನ್ ಏರ್‌ಲೈನ್ಸ್. 1929ರಿಂದ ಹಾರಿದೆ, ಪ್ರಾಣಾಪಾಯದ ಒಂದು ಅಪಘಾತವೂ ಇಲ್ಲ. ನೀವು ಬಂದಿರಿ. ಅಷ್ಟಾದ ಮೇಲೆ ಕೊರೊನಾ, ಕೈಕೊಟ್ಟ ಎಂಜಿನ್ನುಗಳು, ಬಾರದ ಜಪಾನಿ ಪ್ರವಾಸಿಗರು, 2023ರ ಆಗಸ್ಟಿನಲ್ಲಿ ಲಹೈನಾ ಊರನ್ನೇ ಸುಟ್ಟ ಬೆಂಕಿ, ಎಲ್ಲವೂ ಅದರ ಮೇಲೆ ಬಿದ್ದವು. ಎಲ್ಲ ಪಾಪವನ್ನೂ ನಿಮ್ಮ ತಲೆಗೆ ಕಟ್ಟಿದರೆ ನನ್ನ ಸೇವಾ ಪುಸ್ತಕಕ್ಕೆ ಅವಮಾನ. 2023 ಒಂದೇ ವರ್ಷದಲ್ಲಿ ಆ ಸಂಸ್ಥೆಗೆ 26 ಕೋಟಿ ಡಾಲರ್ ನಷ್ಟ. ವರ್ಷದ ಕೊನೆಗೆ ಅಲಾಸ್ಕಾ ಏರ್‌ಲೈನ್ಸ್, ಸಾಲವೂ ಸೇರಿ 190 ಕೋಟಿ ಡಾಲರಿಗೆ ಅದನ್ನು ಕೊಳ್ಳುವುದಾಗಿ ಹೇಳಿತು. 2024ರ ಸೆಪ್ಟೆಂಬರಿನಲ್ಲಿ ಕೊಂಡಾಯಿತು. ಬಿಲ್ ತಲುಪಬೇಕಾದ ವಿಳಾಸಕ್ಕೆ ತಲುಪಿದಂತಾಯಿತು. ಈಗ ದ್ವೀಪಗಳ ನಡುವಿನ ಟ್ರಿಪ್‌ಗಳನ್ನು ನೀವೂ ಒಂದೊಂದಾಗಿ ಕಡಿಮೆ ಮಾಡುತ್ತಿದ್ದೀರಂತೆ.

ತಮಾಷೆಯೆಂದರೆ, ಅದೇ 2024ರ ಜೂನ್‌ನಲ್ಲಿ ಎಲಿಯಟ್ ಎಂಬ ಹೂಡಿಕೆ ಸಂಸ್ಥೆ ನಿಮ್ಮಲ್ಲಿ ಷೇರು ಕೊಂಡು ಬಂದು ಕೂತಿತು. ಎಷ್ಟರದ್ದು? ಸುಮಾರು 190 ಕೋಟಿ ಡಾಲರಿನದು. ಆಮೇಲೆ ನಿಮ್ಮ ಮನೆಯೊಳಗಿನ ಆಚಾರಗಳು ಒಂದೊಂದೇ ಹೋದವು. 2025ರ ಮೇ 28ರಿಂದ ಪೆಟ್ಟಿಗೆಗೆ ದುಡ್ಡು, ಮೊದಲನೆಯದಕ್ಕೆ ಆಗ 35 ಡಾಲರ್. 2026ರ ಜನವರಿ 27ರಿಂದ ಸೀಟಿಗೆ ನಂಬರು, ಕಾಲು ಚಾಚಲು ಬೇರೆ ದರ. ದ್ವೀಪದಿಂದ ದ್ವೀಪಕ್ಕೆ ಒಂದು ಕಾಲದಲ್ಲಿ ಮನುಷ್ಯ ಹೋದ ದುಡ್ಡಿನಲ್ಲಿ ಈಗ ಒಂದು ಪೆಟ್ಟಿಗೆಯೂ ಹೋಗುವುದಿಲ್ಲ.

ಯಾರು ಹಾರುತ್ತಾರೆ ಎಂಬುದನ್ನೂ ನೋಡಿದೆ. ನೀವು ಕಾಲಿಟ್ಟ 2019ರಲ್ಲಿ 14 ಲಕ್ಷ ಜನರ ಆ ರಾಜ್ಯಕ್ಕೆ ಒಂದು ಕೋಟಿ ನಾಲ್ಕು ಲಕ್ಷ ಪ್ರವಾಸಿಗರು ಬಂದರು. 2021ರಲ್ಲಿ ಮಾವಿ ದ್ವೀಪದ ಮೇಯರ್, ದಯವಿಟ್ಟು ವಿಮಾನ ಕಡಿಮೆ ಮಾಡಿ ಎಂದು ಸಂಸ್ಥೆಗಳನ್ನು ಕೇಳಿಕೊಳ್ಳಬೇಕಾಯಿತು. ನಮ್ಮ ಶಾಸಕರು ಬಸ್ಸು ಬೇಕೆಂದು ಅರ್ಜಿ ಹಿಡಿದು ಬಂದದ್ದನ್ನು ಕಂಡಿದ್ದೇನೆ, ಬೇಡವೆಂದು ಬಂದವರನ್ನು ಕಂಡಿಲ್ಲ. ಅತ್ತ ಮನೆಯ ಬೆಲೆ ಏರಿ ಏರಿ, 2020ರ ಜನಗಣತಿಯ ಹೊತ್ತಿಗೆ ಹವಾಯಿಯ ಮೂಲನಿವಾಸಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹವಾಯಿಯ ಹೊರಗೇ ಇದ್ದರು. ಲಾಸ್ ವೇಗಸ್‌ನಲ್ಲಿ ಎಷ್ಟು ಮಂದಿ ಸೇರಿದ್ದಾರೆಂದರೆ ಅದಕ್ಕೆ ಒಂಬತ್ತನೆಯ ದ್ವೀಪ ಎಂದೇ ಹೆಸರು. 2021ರಿಂದ ನೀವು ಲಾಸ್ ವೇಗಸ್‌ನಿಂದಲೂ ಹೊನೊಲುಲುವಿಗೆ ಹಾರಿಸುತ್ತಿದ್ದೀರಿ. ಸ್ವಂತ ಊರಿನಲ್ಲಿ ಮನೆ ಮಾಡಲಾಗದವರಿಗೆ, ಊರು ನೋಡಿ ಬರಲು ರಿಯಾಯಿತಿ ದರ! ವ್ಯಾಪಾರದ ಬುದ್ಧಿ ನಿಮ್ಮಿಂದ ಕಲಿಯಬೇಕು.

ಕಡೆಯದಾಗಿ ಅರ್ಜಿಯ ವಿಷಯ. ಭೂಪಟದಲ್ಲಿ ಹೊನೊಲುಲುವಿಗೂ ಮಾವಿಗೂ ನಡುವೆ ಮೊಲೊಕಾಯಿ ಎಂಬ ದ್ವೀಪವಿದೆ. ಸುಮಾರು ಏಳು ಸಾವಿರ ಜನ. ಅಲ್ಲಿಂದ ಮಾವಿಗಿದ್ದ ದೋಣಿ 2016ರಲ್ಲಿ ನಿಂತಿತು. ಹವಾಯಿಯನ್ ಏರ್‌ಲೈನ್ಸ್ ತನ್ನ ಪಂಖದ ವಿಮಾನಗಳನ್ನು 2021ರ ಆರಂಭದಲ್ಲಿ ಅಲ್ಲಿಂದ ತೆಗೆಯಿತು. ಉಳಿದದ್ದು ಹೆಚ್ಚಾಗಿ ಒಂಬತ್ತು ಜನ ಕೂರುವ ಪುಟ್ಟ ಸೆಸ್ನಾ ವಿಮಾನಗಳು. ದೊಡ್ಡ ಆಸ್ಪತ್ರೆಯ ಡಾಕ್ಟರನ್ನು ಕಾಣಬೇಕಾದ ಮುದುಕಿ ಆ ಒಂಬತ್ತರಲ್ಲಿ ಒಂದು ಸೀಟಿಗೆ ಕಾಯಬೇಕು. ನಿಮ್ಮ 737 ಮೊಲೊಕಾಯಿಯ ನೆತ್ತಿಯ ಹತ್ತಿರದಲ್ಲೇ ಹೋಗುತ್ತದೆ, ಇಳಿಯುವುದಿಲ್ಲ. ರನ್‌ವೇ ಚಿಕ್ಕದು, ಜನ ಕಡಿಮೆ, ಒಂದೇ ಜಾತಿಯ ಗಾಡಿಯ ನಿಮ್ಮ ಡಿಪೋದಲ್ಲಿ ಸಣ್ಣ ಗಾಡಿ ಇಲ್ಲ. ಎಲ್ಲವೂ ಸರಿಯಾದ ಕಾರಣಗಳೇ. ನಾನೂ ಇವೇ ಕಾರಣಗಳನ್ನು ಬರೆದು ಮೇಲಿನವರಿಗೆ ಕಳಿಸಿದ್ದೆ, ಸಕಲೇಶಪುರದ ಕಡೆಯ ಒಂದು ಹಳ್ಳಿಯ ಮಾರ್ಗ ನಷ್ಟದಲ್ಲಿದೆ, ನಿಲ್ಲಿಸಬಹುದು ಎಂದು. ಕಿಲೋಮೀಟರಿನ ಆದಾಯ ಡೀಸೆಲ್ಲಿಗೂ ಸಾಲದು ಎಂದು ಲೆಕ್ಕ ಸಮೇತ. ಡಿಪೋ ಮ್ಯಾನೇಜರ್ ಕಾಗದವನ್ನು ಪಕ್ಕಕ್ಕಿಟ್ಟು, ಬೆಳಿಗ್ಗೆ ಪೇಟೆಯ ಆಸ್ಪತ್ರೆಗೆ ಬರುವವರು ಏನು ಮಾಡಬೇಕ್ರಿ ಎಂದು ಕೇಳಿ, ಆ ಬಸ್ಸನ್ನು ನೈಟ್ ಹಾಲ್ಟ್ ಮಾಡಿಬಿಟ್ಟರು. ರಾತ್ರಿ ಅಲ್ಲೇ ತಂಗಿ, ಬೆಳಗಿನ ಜಾವ ಹೊರಟು ಬರುತ್ತಿತ್ತು.

ಆದಕಾರಣ ಮಹಾಸ್ವಾಮಿಗಳು ಮೊಲೊಕಾಯಿಗೂ ಒಂದು ನೈಟ್ ಹಾಲ್ಟ್ ಮಂಜೂರು ಮಾಡಬೇಕಾಗಿ ಪ್ರಾರ್ಥನೆ. 29 ಡಾಲರ್ ಬೇಡ, ಗಿಟ್ಟುವಷ್ಟು ದರ ಇಡಿ. ಸೀಟಿಗೆ ನಂಬರ್ ಬೇಕಾದರೂ ಬರೆಯಿರಿ.

ಇಂತಿ ತಮ್ಮ ವಿಧೇಯ,
ನಿವೃತ್ತ ಸಂಚಾರ ನಿಯಂತ್ರಕ, ಹಾಸನ

ವಿ.ಸೂ.: ಕಾಗದ ಮುಗಿಸುವಷ್ಟರಲ್ಲಿ ಮಗ ಟಿಕೆಟ್ ತೆಗೆದಾಯಿತು. ನಿಮ್ಮಲ್ಲೇ. ಅಲಾಸ್ಕಾದವರಿಗಿಂತ ತಲೆಗೆ ಹನ್ನೊಂದು ಡಾಲರ್ ಕಡಿಮೆಯಂತೆ. ಪೆಟ್ಟಿಗೆಯ ದುಡ್ಡು ಉಳಿಸಲು ನಿಪ್ಪಟ್ಟು, ಚಕ್ಕುಲಿ, ಚಟ್ನಿಪುಡಿಯನ್ನೆಲ್ಲ ಕೈಚೀಲದಲ್ಲೇ ತುಂಬುತ್ತಿದ್ದಾರೆ. ಶೌಚಾಲಯದ ಹತ್ತಿರದ ಸೀಟಿಗೆ ಹೆಚ್ಚಿನ ದರ ಇದೆಯೇ ತಿಳಿಸುವುದು.