ಇಟಲಿಯ ಪದ್ಮಿನಿಯೋ, ಅಮೆರಿಕದ ಜೀಪೋ?

ಹಳೆಯ ಸ್ಪೋರ್ಟ್ಸ್ ಕಾರು ಕೂಡಿಡುವ ರಸಿಕರಲ್ಲಿ ಎರಡು ಮತ: ಇಟಲಿಯ ಫೆರಾರಿ ಮೇಲೆನ್ನುವವರು, ಅಮೆರಿಕದ ಕಾರ್ವೆಟ್ ಮೇಲೆನ್ನುವವರು. ಶಿವಮೊಗ್ಗ, ಭದ್ರಾವತಿಯವರು ಈ ವ್ಯಾಜ್ಯವನ್ನು ಯಾರ ಹಂಗೂ ಇಲ್ಲದೆ ಎಂದೋ ಮನೆಗೇ ತಂದುಕೊಂಡಿದ್ದಾರೆ. ಇಟಲಿಯ ಪರವಾಗಿ ಪ್ರೀಮಿಯರ್ ಪದ್ಮಿನಿ, ಅಮೆರಿಕದ ಪರವಾಗಿ ಮಹೀಂದ್ರಾ ಜೀಪು. ಹರಾಜಿನಲ್ಲಿ ಕೂಗಿ ತಂದದ್ದೇನಲ್ಲ; ಅಪ್ಪ ಓಡಿಸುವುದನ್ನು ಬಿಟ್ಟ ದಿನದಿಂದ ಶೆಡ್ಡಿನಲ್ಲಿ ತಾವಾಗಿಯೇ ಸಂಗ್ರಹಗೊಂಡವು.

ಮೊದಲು ಕುಲಗೋತ್ರ. ಪದ್ಮಿನಿಯ ತವರು ಟ್ಯೂರಿನ್ನಿನ ಫಿಯಟ್ 1100, ಬೆಳೆದದ್ದು ಮುಂಬಯಿಯ ಕುರ್ಲಾದಲ್ಲಿ. ಫೆರಾರಿಯ ಅರ್ಧ ಪಾಲನ್ನು ಫಿಯಟ್ 1969ರಲ್ಲೇ ಕೊಂಡಿತ್ತು. ಹೀಗಾಗಿ ಭದ್ರಾವತಿ ಕ್ವಾರ್ಟರ್ಸಿನ ಪದ್ಮಿನಿ ಫೆರಾರಿಗೆ ದಾಯಾದಿ, ಸೂತಕ ಹಿಡಿಯುವಷ್ಟು ಹತ್ತಿರದವಳು. ಜೀಪಿನದು ಕ್ಷತ್ರಿಯ ವಂಶ. ಅಮೆರಿಕದ ವಿಲ್ಲಿಸ್ ಕಂಪನಿಯಲ್ಲಿ ಹುಟ್ಟಿ, 1943ರಲ್ಲಿ ಸಿಸಿಲಿಗೆ ಇಳಿದು ಇಟಲಿಯ ಮೇಲೇ ದಂಡೆತ್ತಿ ಹೋಯಿತು. ಮಹೀಂದ್ರಾದವರು ಇಲ್ಲೇ ಜೋಡಿಸತೊಡಗಿದ ಮೇಲೆ ಮಲೆನಾಡಿನಲ್ಲಿ ಅಡಿಕೆ ಮೂಟೆ ಹೊತ್ತು ಶಾಂತಿಸೇವೆ ಸಲ್ಲಿಸಿತು.

ಇನ್ನು ಕ್ರೀಡಾಗುಣ. ಫೆರಾರಿಯಲ್ಲಿ ಬೆವರುವವನು ಡ್ರೈವರ್ ಒಬ್ಬನೇ. 1089 ಸಿಸಿಯ ಪದ್ಮಿನಿ ಇಡೀ ಬೀದಿಗೇ ವ್ಯಾಯಾಮ ಮಾಡಿಸುತ್ತದೆ: ನಾಲ್ವರು ತಳ್ಳಬೇಕು, ಒಬ್ಬ ಸ್ಟೀರಿಂಗ್ ಪಕ್ಕದ ಗೇರನ್ನು ಸೆಕೆಂಡಿಗೆ ಹಾಕಿ ಹದ ನೋಡಿ ಕ್ಲಚ್ ಬಿಡಬೇಕು, ಉಳಿದವರು ಕಟ್ಟೆಯ ಮೇಲೆ ಕೂತು ಸಲಹೆ ಕೊಡಬೇಕು. ಜೀಪಿನದು ವೈದ್ಯಕೀಯ ಸೇವೆ. ಆಗುಂಬೆ ಘಾಟಿಯ 14 ತಿರುವು ಮುಗಿಯುವಷ್ಟರಲ್ಲಿ ಹಿಂದಿನ ಸೀಟಿನವರಿಗೆ ತಮ್ಮ ಬೆನ್ನಿನ ಒಂದೊಂದು ಮೂಳೆಯ ಪರಿಚಯವೂ ಆಗಿರುತ್ತದೆ, ಎಕ್ಸ್‌ರೇ ಖರ್ಚಿಲ್ಲದೆ. ಮಳೆಗಾಲದಲ್ಲಿ ಅದರ ಕ್ಯಾನ್ವಾಸ್ ಟಾಪು ಒಳಗಿನವರು, ಹೊರಗಿನವರು ಎಂಬ ಭೇದವನ್ನೇ ಎಣಿಸುವುದಿಲ್ಲ.

ಕಾರ್ವೆಟ್ಟಿನ ಮೈ ಫೈಬರ್‌ಗ್ಲಾಸಿನದು; ಪಾಪ, ಅದಕ್ಕೆ ತುಕ್ಕಿನ ಭಾಗ್ಯವಿಲ್ಲ. ಭದ್ರಾವತಿಯ ಕಾರ್ಖಾನೆ 1923ರಲ್ಲಿ ಕುಲುಮೆ ಹೊತ್ತಿಸಿ ಕೆಮ್ಮಣ್ಣುಗುಂಡಿಯ ಅದಿರನ್ನು ಕಬ್ಬಿಣ ಮಾಡಿತು. ಆ ಕಬ್ಬಿಣವನ್ನು ಮತ್ತೆ ಕೆಮ್ಮಣ್ಣಾಗಿಸಿ ನೆಲದ ಋಣ ತೀರಿಸುವ ಕೈಂಕರ್ಯವನ್ನು ನಮ್ಮ ಶೆಡ್ಡುಗಳು ಮೌನವಾಗಿ ನಡೆಸಿಕೊಂಡು ಬಂದಿವೆ, ವಿದ್ಯುತ್ ಬಿಲ್ಲಿಲ್ಲದೆ, ಕಾರ್ಮಿಕ ಸಂಘದ ತಕರಾರಿಲ್ಲದೆ.

ಕಾನೂನು ಪಾಲನೆಯಲ್ಲಂತೂ ನಾವು ದೇಶಕ್ಕೇ ಮೇಲ್ಪಂಕ್ತಿ. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿ ಮೂಲರೂಪ ಕೆಡದ ವಾಹನವೇ ವಿಂಟೇಜ್. ಹೊಸ ನೋಂದಣಿಗೆ 20,000 ರೂಪಾಯಿ ಕಟ್ಟಿದರೆ ‘ವಿಎ’ ಅಕ್ಷರದ ನಂಬರು ಸಿಗುತ್ತದೆ. ಆಮೇಲೆ ಪ್ರದರ್ಶನ, ರ್‍ಯಾಲಿ, ಪೆಟ್ರೋಲು, ರಿಪೇರಿ ಇಂಥ ಕೆಲಸಗಳಿಗೆ ಬಿಟ್ಟರೆ ದಿನನಿತ್ಯದ ಓಡಾಟಕ್ಕೆ ರಸ್ತೆಗಿಳಿಸುವಂತಿಲ್ಲ. ನಮ್ಮ ಗಾಡಿಗಳು ಈ ನಿಯಮ ಹುಟ್ಟುವ ಮೊದಲೇ ಅದನ್ನು ಪಾಲಿಸುತ್ತಿದ್ದವು, ಅದೂ 20,000 ಕಟ್ಟದೆ.

ಹಾಗಾದರೆ ಇಟ್ಟುಕೊಳ್ಳುವುದು ಯಾವುದನ್ನು? 2014ರಲ್ಲಿ ಫಿಯಟ್ ಕಂಪನಿ ಕ್ರೈಸ್ಲರನ್ನು ಪೂರ್ತಿಯಾಗಿ ಕೊಂಡಾಗ ಅದರ ಜೊತೆ ಜೀಪ್ ಎಂಬ ಹೆಸರೂ ಇಟಲಿಯವರ ಮನೆ ಸೇರಿತು. ಬೀಗರಾದವರನ್ನು ಅಗಲಿಸುವುದು ಪಾಪ. ಆದ್ದರಿಂದ ಎರಡೂ ಇರಲಿ. ಗುಜರಿಯವನು ಬಂದು ಕಿಲೋ ಲೆಕ್ಕದಲ್ಲಿ ಬೆಲೆ ಕೇಳಿದರೆ ಕಾಫಿ ಕೊಟ್ಟು ಕಳಿಸಿ. ವರ್ಷದಿಂದ ವರ್ಷಕ್ಕೆ ಅವನ ತಕ್ಕಡಿಯಲ್ಲಿ ತೂಕ ಇಳಿಯುತ್ತದೆ, ನಮ್ಮ ಬಾಯಲ್ಲಿ ಬೆಲೆ ಏರುತ್ತದೆ. ಕರಗಿದಷ್ಟೂ ಬೆಳೆಯುವ ಇಂಥ ಆಸ್ತಿ ಷೇರುಪೇಟೆಯಲ್ಲೂ ಸಿಗದು.