ಸಿಲಿಂಡರ್ ಕೂರುತ್ತಾ?

ಹೋದ ತಿಂಗಳು ನಮ್ಮ ತಂಗಿ ಮಗ ಬಂದು, "ಮಾವ, ಸ್ಕೂಟರ್ ತಗೋಬೇಕು, ನೀವೂ ಅತ್ತೇನೂ ಬನ್ನಿ" ಅಂತ ಶೋರೂಮಿಗೆ ಹೊರಡಿಸಿದ. ಅಲ್ಲಿ ಟೈ ಕಟ್ಟಿದ ಹುಡುಗನೊಬ್ಬ ಕಾಲು ಗಂಟೆ ಉಸಿರು ಬಿಡದೆ ಮಾತಾಡಿದ. ಬ್ಲೂಟೂತ್ ಇದೆ, ದಾರಿ ತೋರಿಸುತ್ತೆ, ಯಾರ ಫೋನ್ ಬಂತು ಅಂತ ಹೇಳುತ್ತೆ, ಇನ್ನೂ ಏನೇನೋ. ಎಲ್ಲ ಕೇಳಿಸಿಕೊಂಡ ಮೇಲೆ ನಮ್ಮವಳು ಕೇಳಿದ್ದು ಒಂದೇ ಮಾತು: "ಮುಂದುಗಡೆ ಸಿಲಿಂಡರ್ ಕೂರುತ್ತಾ?" ಹುಡುಗನ ಬಾಯಿ ಕಟ್ಟಿತು. ಅಳಿಯ ನೆಲ ನೋಡಿದ.

ನಗಬೇಡಿ. ಸ್ಕೂಟರಿನ ಪುರಾಣವೆಲ್ಲ ಆ ಒಂದು ಪ್ರಶ್ನೆಯಲ್ಲಿದೆ. ಬೈಕಿಗೂ ಸ್ಕೂಟರಿಗೂ ಇರುವ ವ್ಯತ್ಯಾಸ ಸಿಸಿಯಲ್ಲಿಲ್ಲ, ಸ್ಪೀಡಿನಲ್ಲಿಲ್ಲ; ಸೀಟಿಗೂ ಹ್ಯಾಂಡಲ್ಲಿಗೂ ನಡುವಿನ ಆ ಎರಡು ಗೇಣು ಖಾಲಿ ಜಾಗದಲ್ಲಿದೆ.

ಆ ಜಾಗ ಬಿಟ್ಟ ಪುಣ್ಯಾತ್ಮ ಇಟಲಿಯ ಕೊರಾದಿನೊ ದಸ್ಕಾನಿಯೊ. ಹೆಲಿಕಾಪ್ಟರ್ ಮಾಡುತ್ತಿದ್ದ ಎಂಜಿನಿಯರು. ವಿಮಾನ ತಯಾರಿಸುತ್ತಿದ್ದ ಪಿಯಾಜಿಯೊ ಕಂಪನಿಯ ಕಾರ್ಖಾನೆ ಮಹಾಯುದ್ಧದಲ್ಲಿ ಬಾಂಬಿಗೆ ಸಿಕ್ಕಿ ಕೂತುಹೋಗಿತ್ತು. ಹೊಟ್ಟೆಪಾಡಿಗೆ ಬೇರೆ ಕಸುಬು ಬೇಕಿತ್ತು. ಮೊದಲು ಒಂದು ಗಾಡಿ ಮಾಡಿ ನೋಡಿದ್ದರು. ಅದರ ನಡುವೆ ಒಂದು ಗೂನು. ಡೊನಾಲ್ಡ್ ಡಕ್‌ಗೆ ಇಟಲಿಯಲ್ಲಿ ಕರೆಯುವ 'ಪಪೆರಿನೊ' ಎಂಬ ಹೆಸರೇ ಆ ಗಾಡಿಗೂ ಅಂಟಿತು. ಯಜಮಾನ ಎನ್ರಿಕೊ ಪಿಯಾಜಿಯೊಗೆ ಹಿಡಿಸಲಿಲ್ಲ. ಆಗ ದಸ್ಕಾನಿಯೊನನ್ನು ಕರೆದರು. ಆತನಿಗೋ ಮೋಟಾರ್ ಸೈಕಲ್ ಕಂಡರೇ ಆಗದು: ಹತ್ತಬೇಕಾದರೆ ಕಾಲೆತ್ತಿ ಆಚೆ ಹಾಕಬೇಕು, ಚೈನಿನ ಎಣ್ಣೆ ಬಟ್ಟೆಗೆ, ಪಂಕ್ಚರ್ ಆದರೆ ಪೀಕಲಾಟ. ಎಂಜಿನನ್ನು ಒಯ್ದು ಸೀಟಿನ ಕೆಳಗೆ ಬಚ್ಚಿಟ್ಟ. ಚೈನು ಕಿತ್ತೆಸೆದ. ಗೇರನ್ನು ಎಡಗೈಗೆ ತಂದ. ಮುಂದಿನ ಚಕ್ರವನ್ನು ವಿಮಾನದ ಗಾಲಿಯ ಹಾಗೆ ಒಂದೇ ತೋಳಿಗೆ ಸಿಕ್ಕಿಸಿದ. ಗೂನು ಮಾಯವಾಯಿತು. 1946ರ ಮಾತು. ಸಣ್ಣ ಸೊಂಟ, ದಪ್ಪ ಹಿಂಭಾಗ, ಗುಂಯ್ ಅನ್ನುವ ಸದ್ದು. ನೋಡಿದ ಯಜಮಾನ "ಇದೇನು ಕಣಜದ ಹುಳದ ಹಾಗಿದೆ" ಅಂದನಂತೆ. ಅವರ ಭಾಷೆಯಲ್ಲಿ ವೆಸ್ಪಾ ಅಂದರೆ ಅದೇ. ಮಾರನೆಯ ವರ್ಷ ಮಿಲಾನಿನಿಂದ ಲ್ಯಾಂಬ್ರೆಟಾ ಬಂದು ಪೈಪೋಟಿಗೆ ನಿಂತಿತು.

ನಮ್ಮಲ್ಲಿ ಕಣಜ ಅಂದರೆ ಹುಳವೂ ಹೌದು, ಕಾಳು ತುಂಬಿಡುವ ಜಾಗವೂ ಹೌದು. ಅವರು ಹುಳ ಮಾಡಿ ಕಳಿಸಿದರು, ನಾವು ಅದನ್ನು ಕಾಳಿನ ಕಣಜ ಮಾಡಿಕೊಂಡೆವು. ಇಪ್ಪತ್ತೈದು ಕೇಜಿ ಸೋನಾ ಮಸೂರಿ ಅಲ್ಲೇ, ಹಬ್ಬದ ಬಾಳೆಕಂಬ ಅಲ್ಲೇ, ಚೌತಿಯ ಗಣಪ ಹೋಗುವುದೂ ಬರುವುದೂ ಅಲ್ಲೇ. ಇಟಲಿಯಲ್ಲಿ ಸ್ಕರ್ಟು ಕೊಳೆಯಾಗದಿರಲಿ ಅಂತ ಮಾಡಿದ ಅನುಕೂಲ ಇಲ್ಲಿ ಪಂಚೆಗೂ ಸೀರೆಗೂ ಒದಗಿತು.

ವೆಸ್ಪಾದ ಲೈಸೆನ್ಸ್ ಪಡೆದು ಗಾಡಿ ಮಾಡುತ್ತಿದ್ದ ಬಜಾಜ್‌ನವರ ಒಪ್ಪಂದ 1971ಕ್ಕೆ ಮುಗಿಯಿತು. 1972ರಲ್ಲಿ ರಾಣಾ ಪ್ರತಾಪನ ಕುದುರೆಯ ಹೆಸರಲ್ಲಿ ಚೇತಕ್ ಬಂತು. ಬಂತು ಅಂದರೆ ಬರಲಿಲ್ಲ. ದುಡ್ಡು ಕಟ್ಟಿ ಕಾಯಬೇಕು, ಕೆಲವರಂತೂ ಹತ್ತು ವರ್ಷ ಕಾದರು. ನಮ್ಮಪ್ಪ ಬುಕ್ ಮಾಡಿದಾಗ ನಾನು ಎರಡನೇ ಕ್ಲಾಸು. ಮುಂದುಗಡೆ ನಿಂತು, ಹ್ಯಾಂಡಲ್ ಹಿಡಿದು, ಬೀದಿಯ ಹುಡುಗರ ಹೊಟ್ಟೆ ಉರಿಸುವ ಕನಸು ಕಂಡವನು. ಗಾಡಿ ಮನೆಗೆ ಬಂದಾಗ ನನಗೆ ಮೀಸೆ ಚಿಗುರಿತ್ತು. ನಾನು ನಿಂತರೆ ಅಪ್ಪನಿಗೆ ರಸ್ತೆ ಕಾಣದು. ನನ್ನ ಜಾಗದಲ್ಲಿ ತಮ್ಮ ನಿಂತ. ಆ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.

ಆ ಚೇತಕ್ಕಿಗೆ ದಿನಾ ಬೆಳಗ್ಗೆ ಸೇವೆ. ಮೊದಲು ಒಂದು ಬದಿಗೆ ವಾಲಿಸಬೇಕು, ಪೆಟ್ರೋಲು ಹರಿಯಲಿ ಅಂತ. ಆಮೇಲೆ ಕಿಕ್ಕು. ಆಮೇಲೆ ಪ್ಲಗ್ ಬಿಚ್ಚಿ ಮಸಿ ಉಜ್ಜುವುದು. ಆಮೇಲೆ ಬೈಗುಳ. ಅದಕ್ಕೇ ಸ್ಟಾರ್ಟ್ ಆಗುತ್ತಿತ್ತು ಅಂತ ನನ್ನ ಅನುಮಾನ.

1984ರಲ್ಲಿ ಕೈನೆಟಿಕ್ ಹೋಂಡಾ ಬಂದು ಗೇರೂ ಇಲ್ಲ, ಒದೆಯುವುದೂ ಬೇಡ, ಗುಂಡಿ ಒತ್ತಿ ಸಾಕು ಅಂದಿತು. ಗಂಡಸರು ಮೂಗು ಮುರಿದರು, ಹೆಂಗಸರು ಕೀ ಇಸಕೊಂಡರು. 2001ರಲ್ಲಿ ಬಂದ ಆಕ್ಟಿವಾ ಈಗ ನಮ್ಮ ಕೋಲಾರದ ನರಸಾಪುರದಲ್ಲೇ ತಯಾರಾಗುತ್ತದೆ. 2009ರಲ್ಲಿ ಬಜಾಜ್ ಸ್ಕೂಟರಿನ ಸಹವಾಸವೇ ಬೇಡ ಅಂದಿತು. 2020ರಲ್ಲಿ ಚೇತಕ್ಕನ್ನು ಕರೆಂಟಿನಲ್ಲಿ ಬದುಕಿಸಿ ತಂದಿತು. ವಾಲಿಸುವ ಹಾಗಿಲ್ಲ, ಚಾರ್ಜಿಗೆ ಹಾಕಬೇಕು.

ಇನ್ನು ಕೊಳ್ಳುವ ವಿಷಯ. ಬೋರ್ಡಿನ ಮೇಲಿನ ರೇಟು ನಿಮ್ಮದಲ್ಲ, ಆನ್‌ರೋಡ್ ಎಷ್ಟು ಅಂತ ಕೇಳಿ. ಹೊಸ ಗಾಡಿಗೆ ಐದು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸು 2018ರಿಂದ ಕಡ್ಡಾಯ, ಅದು ನ್ಯಾಯವಾದ ಖರ್ಚು. ಬಿಲ್ಲಿನ ತುದಿಯಲ್ಲಿ 'ಫಿಟ್ಟಿಂಗ್ಸ್' ಅಂತ ಸೇರಿಕೊಂಡಿರುತ್ತಲ್ಲ, ಅದನ್ನು ಬಿಡಿಸಿ ಓದಿಸಿ. ಎಲೆಕ್ಟ್ರಿಕ್ಕಿಗೆ ಕಂಪನಿಯವರು ಹೇಳುವ ಕಿಲೋಮೀಟರು ಪರೀಕ್ಷೆಯದ್ದು. ಹಿಂದೆ ಅತ್ತೆ, ಮುಂದೆ ಅಕ್ಕಿಚೀಲ ಇರುವ ಏರುರಸ್ತೆಯದ್ದಲ್ಲ. ಗಂಟೆಗೆ 25 ಕಿಲೋಮೀಟರ್ ದಾಟದ ಪುಟಾಣಿ ಗಾಡಿಗೆ ಲೈಸೆನ್ಸ್ ಬೇಡ ಅಂತ ಆಸೆ ಹುಟ್ಟಿಸುತ್ತಾರೆ. ಮೊಮ್ಮಗ ಸೈಕಲ್ಲಿನಲ್ಲಿ ಹಿಂದೆ ಹಾಕಿದರೆ ಬೇಜಾರಾಗದವರು ತಗೊಳ್ಳಬಹುದು.

ನಮ್ಮ ಅಳಿಯನ ಕಣ್ಣು ಬಿದ್ದದ್ದು ಮಾತ್ರ ಮೂಲೆಯಲ್ಲಿದ್ದ ಒಂದು ಕಪ್ಪು ಗಾಡಿಯ ಮೇಲೆ. ಮೂತಿ ಚೂಪು, ಟೈರು ದಪ್ಪ, ನಡುವೆ ಗೂನು. ಪೆಟ್ರೋಲ್ ಟ್ಯಾಂಕ್ ಆ ಗೂನಿನೊಳಗಂತೆ. ಇಟಲಿಯಲ್ಲಿ ಬೇಡ ಅಂದ ಪಪೆರಿನೊ ಇಲ್ಲಿ ಅವತಾರ ಎತ್ತಿದೆ ಅಂತ ಹೇಳಿದೆ. "ಮಾವ, ಇದು ಸ್ಪೋರ್ಟಿ" ಅಂದ. ನಮ್ಮವಳು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಅಡ್ವಾನ್ಸ್ ಕೊಟ್ಟಾಗಿತ್ತು.

ಮೊನ್ನೆ ಭಾನುವಾರ ಬಂದಿದ್ದ. ಕಾಫಿ ಕುಡಿದ, ಅತ್ತೆಯ ಚಕ್ಕುಲಿ ಹೊಗಳಿದ, ಆಮೇಲೆ ಮೆಲ್ಲಗೆ ನನ್ನ ಹಳೇ ಸ್ಕೂಟರಿನ ಕೀ ಕೇಳಿದ. ಗ್ಯಾಸ್ ಮುಗಿದಿದೆಯಂತೆ.