ಜಗ್ಗುಮೀಮಾಂಸೆ: ಕಬ್ಬಿನ ಟ್ರೇಲಿಗೆ ಇಂಜಿನ್ ಆರಿಸುವ ಶಾಸ್ತ್ರ

ಪ್ರತಿ ಶಾಸ್ತ್ರಕ್ಕೂ ಅನುಬಂಧ ಚತುಷ್ಟಯ ಇರಬೇಕೆಂದು ಹಿರಿಯರು ವಿಧಿಸಿದ್ದಾರೆ. ಅದರಂತೆ ಈ ಪ್ರಬಂಧದ ವಿಷಯ, ಟ್ರ್ಯಾಕ್ಟರು. ಪ್ರಯೋಜನ, ಕಬ್ಬು ಹೇರಿದ ಎರಡು ಟ್ರೇಲಿಗಳನ್ನು ಸಿರಸಂಗಿಯ ಹೊಲದಿಂದ ಮುನವಳ್ಳಿಯ ರೇಣುಕಾ ಶುಗರ್ಸಿಗೋ ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಹಕಾರಿ ಕಾರ್ಖಾನೆಗೋ ಮುಟ್ಟಿಸುವುದು. ಸಂಬಂಧ, ಇಂಜಿನ್ನಿಗೂ ಟ್ರೇಲಿಗೂ ನಡುವೆ ಇರುವ ಒಂದು ಕೊಂಡಿ, ಒಂದು ಪಿನ್ನು. ಅಧಿಕಾರಿ ಯಾರೆಂದರೆ, ಸಾಲ ತೀರಿಸಬೇಕಾದ ಅಪ್ಪನೊಬ್ಬನನ್ನು ಬಿಟ್ಟು ಊರಿನ ಉಳಿದ ಎಲ್ಲರೂ.

ಈ ಶಾಸ್ತ್ರದಲ್ಲಿ ಮೂರು ದರ್ಶನಗಳು ಪ್ರಸಿದ್ಧವಾಗಿವೆ. ಒಂದೇ ಟ್ರೇಲಿ ಜಗ್ಗಬೇಕು ಎನ್ನುವವರು ಅದ್ವೈತಿಗಳು. ಕಾರ್ಖಾನೆಯ ಬಾಡಿಗೆ ಟನ್ನಿನ ಲೆಕ್ಕಕ್ಕೆ ಬಂದಂದಿನಿಂದ ಇವರ ಸಂಖ್ಯೆ ಕ್ಷೀಣಿಸಿದೆ. ಎರಡು ಟ್ರೇಲಿಯ ದ್ವೈತವೇ ಈಗ ರಾಜಮತ. ಎರಿ ಹೊಲದಲ್ಲಿ ಗಾಲಿ ಹುಗಿದಾಗ ಒಂದು ಟ್ರೇಲಿಗೆ ಎರಡು ಇಂಜಿನ್ ಹಚ್ಚಿ ಸರಪಳಿ ಬಿಗಿಯುವುದುಂಟು, ಅದು ವಿಶಿಷ್ಟಾದ್ವೈತ. ಇವಲ್ಲದೆ ಹಸಿರು, ಕೆಂಪು, ನೀಲಿ ಎಂಬ ವರ್ಣಭೇದವೂ ಇದೆ. ಹಸಿರಿನವರು ಜಾನ್ ಡೀರ್ 5310ರ ಉಪಾಸಕರು, ಕೆಂಪಿನವರು ಮಹೀಂದ್ರ ಮತ್ತು ಮ್ಯಾಸಿಯವರು, ನೀಲಿಯವರು ನ್ಯೂ ಹಾಲಂಡ್ 3630ರ ಅನುಯಾಯಿಗಳು. ಹೆಚ್ಚುಕಡಿಮೆ 50ರಿಂದ 60 ಎಚ್‌ಪಿಯೊಳಗೆ ಎಲ್ಲರ ಮೋಕ್ಷವೂ ಅಡಗಿದ್ದರೂ ವಾದ ಮಾತ್ರ ಒಂದು ಸುಗ್ಗಿಗೂ ಮುಗಿದದ್ದಿಲ್ಲ.

ಪ್ರಮಾಣಗಳನ್ನು ಪರಿಶೀಲಿಸೋಣ. ಮೊದಲನೆಯದು ಪ್ರತ್ಯಕ್ಷ. ಜಾತ್ರೆಯ ಬಯಲಿನಲ್ಲಿ ಎರಡು ಟ್ರ್ಯಾಕ್ಟರುಗಳನ್ನು ಬೆನ್ನಿಗೆ ಬೆನ್ನು ಹಚ್ಚಿ, ನಡುವೆ ಸರಪಳಿ ಬಿಗಿದು, ಯಾವುದು ಯಾವುದನ್ನು ಜಗ್ಗುತ್ತದೆಂದು ನೋಡುವ ಸ್ಪರ್ಧೆ ಈ ಸೀಮೆಯ ಪ್ರಯೋಗಶಾಲೆ. ಮುಂದಿನ ಗಾಲಿ ಆಕಾಶಕ್ಕೆ ಏಳುತ್ತದೆ, ಹೊಗೆಯಲ್ಲಿ ತೀರ್ಪುಗಾರ ಕಾಣೆಯಾಗುತ್ತಾನೆ, ಗೆದ್ದವನ ಬಣ್ಣ ಮುಂದಿನ ಜಾತ್ರೆಯವರೆಗೆ ಸತ್ಯವಾಗಿ ಉಳಿಯುತ್ತದೆ. ಎರಡನೆಯದು ಶಬ್ದಪ್ರಮಾಣ, ಅಂದರೆ ಮೇಸ್ತ್ರಿಯ ಮಾತು. “ಕಾಕಾ, ಇದನ್ನ ತಗೋರಿ, ಗುಡ್ಡಾ ಕಟ್ಟಿದ್ರೂ ಜಗ್ಗತೈತಿ” ಎಂಬ ವಾಕ್ಯ ಅಪೌರುಷೇಯ. ಎಲ್ಲ ಕಂಪನಿಯ ಗಾಡಿಗೂ ಎಲ್ಲ ಗ್ಯಾರೇಜಿನಲ್ಲೂ ಇದನ್ನೇ ಹೇಳುತ್ತಾರಾದ್ದರಿಂದ ಇದಕ್ಕೆ ಕರ್ತೃವನ್ನು ಹುಡುಕುವುದು ವ್ಯರ್ಥ.

ಮೂರನೆಯದು ಅನುಮಾನ. ಇಲ್ಲಿ ವಿದ್ವಾಂಸರು ಸ್ವಲ್ಪ ಲೆಕ್ಕ ಮಾಡಬೇಕಾಗುತ್ತದೆ, ಆದ್ದರಿಂದ ಕಟ್ಟೆಯ ಮೇಲೆ ಇದು ಜನಪ್ರಿಯವಲ್ಲ. ಕಬ್ಬು, ಟ್ರೇಲಿ ಸೇರಿ 24 ಟನ್ನು ಎನ್ನಿ. ಸಪಾಟಾದ ಡಾಂಬರು ರಸ್ತೆಯಲ್ಲಿ ಇದನ್ನು ಉರುಳಿಸಲು ಸುಮಾರು 600 ಕೆಜಿಯಷ್ಟು ಎಳೆತ ಸಾಕು. 55 ಎಚ್‌ಪಿಯಲ್ಲಿ ಗೇರುಬಾಕ್ಸು, ಟೈರು ತಿಂದು ಬಿಟ್ಟದ್ದು ಕೊಂಡಿಗೆ ಬಂದರೂ ತಾಸಿಗೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು ನಡೆದೀತು. ಆದರೆ ಇಪ್ಪತ್ತು ಅಡಿಗೆ ಒಂದಡಿ ಏರುವ ದಿಬ್ಬ ಬಂತೆಂದರೆ ಬೇಕಾದ ಎಳೆತ ಎರಡು ಟನ್ನಿನ ಹತ್ತಿರ ಹೋಗುತ್ತದೆ. ಹಿಂದಿನ ಗಾಲಿಗಳ ಮೇಲೆ ಕುಳಿತ ಭಾರವೇ ಎರಡು ಟನ್ನು. ಅದರಲ್ಲಿ ಡಾಂಬರಿನ ಮೇಲೆ ಹಿಡಿತಕ್ಕೆ ಬರುವುದು ಮುಕ್ಕಾಲು ಪಾಲು, ಹಸಿ ಎರಿ ಮಣ್ಣಿನಲ್ಲಿ ಅರ್ಧವೂ ಇಲ್ಲ. ಹೊಲದಲ್ಲಾದರೋ ಗಾಲಿ ಹೂಳುವುದರಿಂದ ಏರಿಲ್ಲದಿದ್ದರೂ ಅದೇ ಎರಡು ಟನ್ನಿನ ಎಳೆತ ಬೇಕು. ಇದರಿಂದ ಸಿದ್ಧವಾಗುವ ಪ್ರಮೇಯ: ಸೋಲುವುದು ಇಂಜಿನ್ ಅಲ್ಲ, ಟೈರು. ಐವತ್ತರ ಬದಲು ಅರವತ್ತು ಎಚ್‌ಪಿ ತಂದರೆ ಗಾಲಿ ಇನ್ನಷ್ಟು ಹುರುಪಿನಿಂದ ತಿರುಗುತ್ತದೆ, ಇದ್ದಲ್ಲೇ.

ಈ ಪ್ರಮೇಯ ಜನರಿಗೆ ಗೊತ್ತಿಲ್ಲ ಎನ್ನುವಂತಿಲ್ಲ. ಹಿಂದಿನ ಟೈರಿಗೆ ಮುಕ್ಕಾಲು ಭಾಗ ನೀರು ತುಂಬುತ್ತಾರೆ, ಗಾಲಿಗೆ ಬೀಡಿನ ತೂಕದ ಗುಂಡು ಕಟ್ಟುತ್ತಾರೆ, ಮೂತಿ ಏಳಬಾರದೆಂದು ಮುಂದಿನ ಬಂಪರಿನ ಮೇಲೆ ಇಬ್ಬರು ಹುಡುಗರನ್ನು ಕೂಡಿಸುತ್ತಾರೆ. ಕೊಂಡಿಯನ್ನು ಎತ್ತರಕ್ಕೆ ಹಚ್ಚಿದಷ್ಟೂ ಮೂತಿ ಏಳುವುದು ಹೆಚ್ಚು. ಕೊಂಡಿ ಇಳಿಸಿದರೆ ಹುಡುಗರನ್ನು ಶಾಲೆಗೆ ಕಳಿಸಬಹುದಿತ್ತು. 1861ರಲ್ಲಿ ಹುಟ್ಟಿ 1906ರಲ್ಲಿ ತೀರಿಕೊಂಡ ಸಿರಸಂಗಿ ಲಿಂಗರಾಜ ದೇಸಾಯರು ತಮ್ಮ ಆಸ್ತಿಯನ್ನೆಲ್ಲ ವಿದ್ಯೆಗೆ ಬಿಟ್ಟುಹೋದ ಊರಿದು. ಹಾಗೆ ಓದಿದವರು ಎಂಜಿನಿಯರಾಗಿ ಪುಣೆ, ಬೆಂಗಳೂರು ಸೇರಿದರು. ಇಂಜಿನ್ ಆರಿಸುವ ಹೊಣೆ ಬಂಪರಿನ ಮೇಲಿನವರಿಗೆ ಉಳಿಯಿತು.

ಅನ್ಯದೇಶೀಯ ಮತವನ್ನು ಖಂಡಿಸದೆ ಪ್ರಬಂಧ ಪ್ರಬಂಧವಾಗದು. ಅಮೆರಿಕದಲ್ಲಿ ಜಗ್ಗುವ ಕೆಲಸಕ್ಕೆ ಪಿಕಪ್ ಎಂಬ ವಾಹನವಿದೆ. ಅಲ್ಲಿಯೂ ಫೋರ್ಡ್, ಶೆವರ್ಲೆ, ರಾಮ್ ಎಂಬ ಮೂರು ದರ್ಶನಗಳೇ. ಮನೆಯಂಥ ಟ್ರೇಲಿ, ದೋಣಿ, ಕುದುರೆ ಜಗ್ಗಲು ಅವರಿಗೆ 400ಕ್ಕೂ ಹೆಚ್ಚು ಎಚ್‌ಪಿಯ ಡೀಸೆಲ್ ಬೇಕು. ಹೊರನೋಟಕ್ಕೆ ಪರಕೀಯವೆನಿಸುವ ಈ ವಾಹನದ ಮೂಲ ನಮ್ಮ ಸವದತ್ತಿ ಸೀಮೆಯದೇ ಎಂದು ಸುಲಭವಾಗಿ ಸಾಧಿಸಬಹುದು. 1869ರಲ್ಲಿ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು, ಆಮೇಲೆ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಗಲಿದರೆ ಮಣ್ಣಿಗೆ ವಿಷ ಏರುತ್ತದೆಂದು ರೈತರು ಬಹಳ ದಿನ ಅದನ್ನು ಕೊಳ್ಳಲಿಲ್ಲ. ಅದೇ ಮನೆತನದ ಉದ್ಯಮ 1962ರಲ್ಲಿ ಅಮೆರಿಕದ ಕಮಿನ್ಸ್ ಕಂಪನಿಯೊಡನೆ ಸೇರಿ ಪುಣೆಯಲ್ಲಿ ಕಿರ್ಲೋಸ್ಕರ್ ಕಮಿನ್ಸ್ ಕಟ್ಟಿತು. ಅತ್ತ 1989ರ ಡಾಜ್ ಪಿಕಪ್ಪಿಗೆ ಕಮಿನ್ಸ್ ಡೀಸೆಲ್ ಇಂಜಿನ್ ಬಂತು, ಇಂದಿನ ರಾಮ್ ಅದರ ಕುಡಿ. ಆದ್ದರಿಂದ ರಾಮ್ ಪಿಕಪ್ ಗುರ್ಲಹೊಸೂರಿನ ಬೀಗ. ಸ್ಥಳೀಯ ಇತಿಹಾಸವನ್ನು ಇದಕ್ಕಿಂತ ತೆಳುವಾದ ಎಳೆಯಿಂದ ನೇಯ್ದವರೂ ನಮ್ಮಲ್ಲಿದ್ದಾರೆ.

ಉಳಿದದ್ದು ಉಪಮಾನ. ಟ್ರ್ಯಾಕ್ಟರಿಗೆ ಮುಂಚೆ ಎತ್ತು. ಪೇಟೆಯಲ್ಲಿ ಖಿಲಾರಿ ಹೋರಿ ಕೊಳ್ಳುವವನು ಹಲ್ಲು ಎಣಿಸುತ್ತಿದ್ದ, ಸುಳಿ ಹುಡುಕುತ್ತಿದ್ದ, ಗೊರಸು ತಟ್ಟುತ್ತಿದ್ದ, ಟವಲಿನ ಕೆಳಗೆ ಬೆರಳು ಹಿಡಿದು ಬೆಲೆ ಮುರಿಯುತ್ತಿದ್ದ. ಅವನ ಒಂದು ಪ್ರಶ್ನೆ ಮಾತ್ರ ಟ್ರ್ಯಾಕ್ಟರಿನ ಕಾಲಕ್ಕೆ ದಾಟಿ ಬರಲಿಲ್ಲ: ಹೇರಿದ ಚಕ್ಕಡಿ ಇಳಿಜಾರಿನಲ್ಲಿ ಹಿಂದಿನಿಂದ ನೂಕಿದಾಗ ಈ ಜೋಡಿ ನೊಗ ತಡೆದು ನಿಲ್ಲುತ್ತದೆಯೇ?

ಹೊಸ ಗಾಡಿಯ ಚರ್ಚೆ ನಡೆದ ಪಡಸಾಲೆಯಲ್ಲಿ ಈ ಪ್ರಶ್ನೆ ಬರುವುದು ಅಡುಗೆಮನೆಯ ಕಡೆಯಿಂದ. ರೊಟ್ಟಿ ಬಡಿಯುತ್ತ ಕೂತ ಅವ್ವ ಅರ್ಧ ತಾಸು ಎಚ್‌ಪಿ, ಟಾರ್ಕು, ಮೈಲೇಜು ಎಲ್ಲ ಕೇಳಿ, “ನಿಂದ್ರತೈತೇನೋ ತಮ್ಮಾ?” ಎನ್ನುತ್ತಾಳೆ. “ಅದನ್ಯಾಕ ಕೇಳ್ತಿ ಬೇ, ಜಗ್ಗೂದ ಕೇಳು” ಎಂಬುದು ಮಗನ ಉತ್ತರ. ಶಾಸ್ತ್ರಕಾರನಾಗಿ ನಾನು ಅವ್ವನ ಪಕ್ಷ. ಟ್ರ್ಯಾಕ್ಟರಿನ ಬ್ರೇಕು ಹಿಂದಿನ ಎರಡು ಗಾಲಿಗಳಿಗೆ ಮಾತ್ರ. ಅದೂ ಎಡಕ್ಕೊಂದು, ಬಲಕ್ಕೊಂದು ಪೆಡಲು. ಹೊಲದಲ್ಲಿ ತಟ್ಟನೆ ಹೊರಳಲು ಬೇರೆಬೇರೆ ತುಳಿಯುತ್ತಾರೆ, ರಸ್ತೆಗೆ ಬಂದಾಗ ಎರಡನ್ನೂ ಕೂಡಿಸುವ ಚಿಲಕ ಹಾಕಬೇಕು. ಹಾಕುವುದನ್ನು ಮರೆತರೆ ಒಂದೇ ಗಾಲಿ ಹಿಡಿದು ಗಾಡಿ ಅಡ್ಡ ತಿರುಗುತ್ತದೆ. ಹಿಂದಿನ ಟ್ರೇಲಿಗಳಿಗೆ ಬ್ರೇಕು ಇರುವುದು ಅಪರೂಪ. ಎರಡೂವರೆ ಟನ್ನಿನ ಇಂಜಿನ್ನನ್ನು ಇಪ್ಪತ್ನಾಲ್ಕು ಟನ್ನು ಬೆನ್ನ ಹಿಂದಿನಿಂದ ಒತ್ತುತ್ತಿರುತ್ತದೆ. ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವ ಮಿತವ್ಯಯಿಗಳೂ ಇದ್ದಾರೆ. ಏರುವಾಗಿನ ಗೇರಿನಲ್ಲೇ ಇಳಿದರೆ ಇಂಜಿನ್ನೇ ಅರ್ಧ ತಡೆಯುತ್ತದೆ ಎಂಬುದು ಅವರ ಪಾಲಿಗೆ ನಾಸ್ತಿಕವಾದ. ಪಿಕಪ್ಪಿನವರನ್ನು ಈಗಷ್ಟೇ ಖಂಡಿಸಿದೆನಾದರೂ ಇಷ್ಟು ಒಪ್ಪಲೇಬೇಕು: ಅಲ್ಲಿನ ಹೆಚ್ಚಿನ ರಾಜ್ಯಗಳಲ್ಲಿ ಭಾರದ ಟ್ರೇಲಿಗೆ ತನ್ನದೇ ಬ್ರೇಕು ಇರಬೇಕೆಂಬ ಕಾನೂನಿದೆ.

ಅಂತಿಮ ನಿರ್ಣಯ ಯಾವ ಪ್ರಮಾಣದಿಂದಲೂ ಆಗುವುದಿಲ್ಲ. ಭಾವನ ಮನೆಯಲ್ಲಿ ಯಾವ ಬಣ್ಣವಿದೆಯೋ ಅದೇ ಬರುತ್ತದೆ, ಪಾನಾ-ಫಿಲ್ಟರು ಕಡ ಸಿಗುತ್ತವೆ. ಗಾಡಿ ನೇರ ಊರಿನ ಕಾಳಿಕಾದೇವಿಯ ಗುಡಿಗೆ. ಕಮ್ಮಾರ, ಬಡಿಗರ ಕುಲ ನಾಡಿನ ಮೂಲೆಮೂಲೆಯಿಂದ ನಡೆದುಕೊಳ್ಳುವ ದೇವಿ ಈಕೆ, ಕಬ್ಬಿಣದ ಕೂಸನ್ನು ತೋರಿಸಲು ಇದಕ್ಕಿಂತ ತಕ್ಕ ಬಾಗಿಲಿಲ್ಲ. ಗಾಲಿಯ ಕೆಳಗೆ ನಿಂಬೆಹಣ್ಣು ಇಡುತ್ತಾರೆ. ಶಾಸ್ತ್ರೋಕ್ತವಾಗಿ ನೋಡಿದರೆ, ನಾಲ್ಕೂ ಗಾಲಿಗೆ ಏನನ್ನಾದರೂ ಒಡ್ಡುವ ವ್ಯವಸ್ಥೆ ಈ ಗಾಡಿಗೆ ಸಿಗುವುದು ಅದೊಂದೇ ಸಲ.

ಅಲ್ಲಿಂದ ವೆಲ್ಡಿಂಗ್ ಅಂಗಡಿಗೆ. ತಲೆಯ ಮೇಲೆ ನಾಲ್ಕು ದೊಡ್ಡ ಸೌಂಡ್ ಬಾಕ್ಸು, ಸಾಲು ದೀಪ, ಹಿಂದೆ ಕುಣಿಯುವ ಗೊಂಡೆಗಳಿಗೆ ರೊಕ್ಕ ತಕ್ಷಣ ಹೊರಡುತ್ತದೆ. ಟ್ರೇಲಿಗೂ ಬ್ರೇಕು ಹಚ್ಚಿಸಿಬಿಡೋಣವೇ ಎಂದು ಅಂಗಡಿಯವನು ಕೇಳಿದರೆ ಮಗ ಗಂಭೀರವಾಗಿ ತಲೆ ಅಲ್ಲಾಡಿಸುತ್ತಾನೆ: “ಬ್ಯಾಡ ಬಿಡ್ರಿ, ಜಗ್ಗೂದು ಕಡಿಮಿ ಆಕ್ಕೈತಿ.”